ತವರಿಗೆ ಹೋಗಿ ಬರದೆ ಚೆಕ್ಕು ಹಣವಾಗದು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಊರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಕ್ಯಾಲಿಫೋರ್ನಿಯಾದಿಂದ ಮೈಸೂರಿಗೆ ಮರಳಿದ ದಂಪತಿಗೆ ಅಲ್ಲಿನ ತೆರಿಗೆ ಇಲಾಖೆಯ ಡಾಲರ್ ಚೆಕ್ಕು ಬಂದಿದೆ, ಅದನ್ನು ಎಲ್ಲಿ ಹಾಕುವುದು? ಅಮೆರಿಕದ ಕೆಲಸ ಬಿಟ್ಟು ಜರ್ಮನಿಗೆ ಹೋದ ಹುಡುಗನಿಗೆ ಹಳೆಯ ವಿಮಾ ಕಂಪನಿಯ ಚೆಕ್ಕು ಸಿಕ್ಕಿದೆ, ಅಲ್ಲಿನ ಬ್ಯಾಂಕು ಅದನ್ನು ಮುಟ್ಟಲೂ ಒಲ್ಲದು, ಏನು ಮಾಡಲಿ? ಹಾಸನದ ಮನೆ ಮಾರಿದಾಗ ತಂಗಿಯ ಪಾಲಿಗೆ ಬಂದ ರೂಪಾಯಿ ಚೆಕ್ಕನ್ನು ಅಣ್ಣ ನ್ಯೂಜೆರ್ಸಿಗೆ ಕೊರಿಯರ್ ಮಾಡಿದ್ದಾರೆ, ಅಲ್ಲಿನ ಕೌಂಟರಿನವರು ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟಿದ್ದಾರೆ, ಇದು ಸರಿಯೇ? ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಈ ಕಾಗದಗಳ ಹಿಂದೆ ಓಡಾಡಿ ಸುಸ್ತಾದವರ ಮುಖಗಳು ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಈ ವಾರ ಇದೊಂದನ್ನೇ ಬಿಡಿಸಿ ಬರೆಯುತ್ತೇನೆ.

ಮೂರು ಪ್ರಶ್ನೆಗಳಿಗೂ ಉತ್ತರದ ಬುಡ ಒಂದೇ. ಚೆಕ್ಕು ಹಣವಲ್ಲ. ನನ್ನ ಖಾತೆಯಿಂದ ಇಂಥವರಿಗೆ ಇಷ್ಟು ಕೊಡಿ ಎಂದು ಖಾತೆದಾರರು ತಮ್ಮ ಬ್ಯಾಂಕಿಗೆ ಬರೆದುಕೊಟ್ಟ ಆದೇಶ ಅದು. ನಮ್ಮ 1881ರ ವರ್ಗಾವಣೀಯ ಲಿಖಿತಗಳ ಕಾಯ್ದೆ ಹೇಳುವ ಸಾರವೂ ಇದೇ. ಆದೇಶ ಯಾವ ಬ್ಯಾಂಕಿನ ಹೆಸರಿಗಿದೆಯೋ ಆ ಬ್ಯಾಂಕು ಚೆಕ್ಕನ್ನು ನೋಡಬೇಕು, ಖಾತೆಯಲ್ಲಿ ಹಣವಿದೆಯೇ ಎಂದು ಪರೀಕ್ಷಿಸಬೇಕು, ಆಮೇಲೆ ಹಣ ಬಿಡಬೇಕು. ನೀವು ಚೆಕ್ಕು ಕೊಟ್ಟ ಬ್ಯಾಂಕು ನಿಮ್ಮ ಪರವಾಗಿ ಅದನ್ನು ವಸೂಲು ಮಾಡಿಕೊಡುತ್ತದೆ, ಅಷ್ಟೆ. ಹೆಣ್ಣುಮಗಳು ಎಷ್ಟು ದೂರದ ಊರಿಗೆ ಸೇರಿದ್ದರೂ ತವರಿನ ಪಾಲು ತವರಿನಲ್ಲೇ ಇತ್ಯರ್ಥವಾಗಬೇಕಲ್ಲ, ಚೆಕ್ಕಿನ ಕಥೆಯೂ ಹಾಗೆಯೇ. ಅದು ತನ್ನ ತವರಿಗೆ ಹೋಗಿಬರಬೇಕು. ಆ ದಾರಿ ಮೈಸೂರಿನಿಂದ ಮಂಡ್ಯಕ್ಕಾದರೆ ಸುಲಭ. ಮೈಸೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗಾದರೆ ಕಷ್ಟ.

ಕಷ್ಟ ಏಕೆ ಎಂಬುದು ಚೆಕ್ಕಿನ ಕೆಳಗಿನ ಬಿಳಿ ಪಟ್ಟಿ ನೋಡಿದರೆ ತಿಳಿಯುತ್ತದೆ. ನಮ್ಮ ಚೆಕ್ಕಿನಲ್ಲಿ ಅಲ್ಲಿ ಮೊದಲು 6 ಅಂಕಿಯ ಚೆಕ್ಕಿನ ಸಂಖ್ಯೆ, ಆಮೇಲೆ 9 ಅಂಕಿಯ ಎಂಐಸಿಆರ್ ಕೋಡ್ ಇರುತ್ತದೆ. ಆ 9ರಲ್ಲಿ ಮೊದಲ 3 ಊರಿನದು, ನಡುವಿನ 3 ಬ್ಯಾಂಕಿನದು, ಕೊನೆಯ 3 ಶಾಖೆಯದು. ಬೆಂಗಳೂರಾದರೆ 560, ಮೈಸೂರಾದರೆ 570 ಎಂದು ಶುರುವಾಗುತ್ತದೆ. ಅಮೆರಿಕದ ಚೆಕ್ಕಿನಲ್ಲೂ ಅದೇ ಕಾಂತೀಯ ಶಾಯಿ, ಅದೇ ದಪ್ಪನೆಯ ಅಂಕಿಗಳು, ಅಲ್ಲಿಯೂ 9 ಅಂಕಿಯ ಒಂದು ಸಂಖ್ಯೆ. ಆದರೆ ಅದು ರೂಟಿಂಗ್ ನಂಬರ್, 1910ರಲ್ಲಿ ಅಮೆರಿಕನ್ ಬ್ಯಾಂಕರ್ಸ್ ಅಸೋಸಿಯೇಷನ್ ಹುಟ್ಟುಹಾಕಿದ ಏರ್ಪಾಡು. ಅದರ ಮೊದಲ ಎರಡು ಅಂಕಿ ಸಾಮಾನ್ಯವಾಗಿ ಫೆಡರಲ್ ರಿಸರ್ವ್‌ನ 12 ವಲಯಗಳಲ್ಲಿ ಯಾವುದೆಂದು ಹೇಳುತ್ತದೆ: 02 ಎಂದರೆ ನ್ಯೂಯಾರ್ಕ್, 12 ಎಂದರೆ ಸ್ಯಾನ್ ಫ್ರಾನ್ಸಿಸ್ಕೊ. ನೋಡಲು ಎರಡೂ ಒಂದೇ ಥರ ಇರುವುದರಿಂದಲೇ ಜನ ಡಾಲರ್ ಚೆಕ್ಕನ್ನು ಚಲನ್ ಜೊತೆ ಡ್ರಾಪ್‌ಬಾಕ್ಸಿಗೆ ಹಾಕಿಬಿಡುತ್ತಾರೆ. ನಮ್ಮ ಕ್ಲಿಯರಿಂಗ್ ವ್ಯವಸ್ಥೆಯಲ್ಲಿ ಆ ಅಂಕಿಗಳಿಗೆ ಊರೂ ಇಲ್ಲ, ಶಾಖೆಯೂ ಇಲ್ಲ. ಚೆಕ್ಕು ಯಾರದೋ ಮೇಜಿನ ಡ್ರಾಯರಿನಲ್ಲಿ ಕೂರುತ್ತದೆ, ಗ್ರಾಹಕರು ಕಾಯುತ್ತಾ ಕೂರುತ್ತಾರೆ. ವಿದೇಶಿ ಚೆಕ್ಕನ್ನು ಯಾವತ್ತೂ ಡ್ರಾಪ್‌ಬಾಕ್ಸಿಗೆ ಹಾಕಬೇಡಿ. ಕೈಯಾರೆ ಕೊಟ್ಟು ರಸೀದಿ ಪಡೆಯಿರಿ.

ಇಲ್ಲಿನ ಚೆಕ್ಕುಗಳು ಈಗ ಬಲು ಚುರುಕು. ಕಾಗದ ಓಡಾಡದೆ ಅದರ ಚಿತ್ರ ಮಾತ್ರ ಹೋಗುವ ಪದ್ಧತಿ 2008ರಲ್ಲಿ ದೆಹಲಿಯಲ್ಲಿ ಶುರುವಾಗಿ ದೇಶವನ್ನೆಲ್ಲ ಆವರಿಸಿತು. 2025ರ ಅಕ್ಟೋಬರ್ 4ರಿಂದ ರಿಸರ್ವ್ ಬ್ಯಾಂಕು ದಿನವಿಡೀ ನಡೆಯುವ ಕ್ಲಿಯರಿಂಗ್ ತಂದ ಮೇಲೆ ಬೆಳಿಗ್ಗೆ ಕೊಟ್ಟ ಚೆಕ್ಕಿನ ಇತ್ಯರ್ಥ ಅದೇ ದಿನ ಆಗುವಂತಾಗಿದೆ. ಈ ವೇಗಕ್ಕೆ ಒಗ್ಗಿದವರಿಗೆ ವಿದೇಶಿ ಚೆಕ್ಕಿಗೆ ವಾರಗಟ್ಟಲೆ ಕಾಯಿರಿ ಎಂದರೆ ಸಿಟ್ಟು ಬರುವುದು ಸಹಜ. ಅಮೆರಿಕದ ಒಳಗೂ ಚಿತ್ರವೇ ಹೋಗುತ್ತದೆ. 2001ರ ಸೆಪ್ಟೆಂಬರ್ ದಾಳಿಯ ನಂತರ ವಿಮಾನಗಳು ನಿಂತು, ಅವುಗಳಲ್ಲಿ ಸಾಗಬೇಕಿದ್ದ ಚೆಕ್ಕಿನ ಚೀಲಗಳೂ ಅಲ್ಲಲ್ಲೇ ಉಳಿದಾಗ ಆ ದೇಶ ಎಚ್ಚೆತ್ತುಕೊಂಡಿತು. 2003ರಲ್ಲಿ ಕಾನೂನು ಮಾಡಿ 2004ರ ಅಕ್ಟೋಬರಿನಿಂದ ಚಿತ್ರದ ಮುದ್ರಿತ ಪ್ರತಿಗೆ ಮೂಲ ಚೆಕ್ಕಿನ ಮಾನ್ಯತೆ ಕೊಟ್ಟಿತು. ಆದರೆ ಇವೆಲ್ಲ ಆಯಾ ದೇಶದ ಗಡಿಯೊಳಗಿನ ಅನುಕೂಲಗಳು. ಎರಡು ದೇಶಗಳ ಚೆಕ್ ಕ್ಲಿಯರಿಂಗನ್ನು ನೇರವಾಗಿ ಬೆಸೆಯುವ ಕೊಂಡಿ ಇಲ್ಲ.

ಕೊಂಡಿ ಇಲ್ಲದ ಕಡೆ ಬ್ಯಾಂಕುಗಳು ಮಾಡಿಕೊಂಡ ದಾರಿಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಶಾಖೆಗಳಿಂದ ಬಂದ ಡಾಲರ್ ಚೆಕ್ಕುಗಳನ್ನು ಮಧ್ಯಾಹ್ನ ಮೇಜಿನ ಮೇಲೆ ಹರಡಿಕೊಳ್ಳುತ್ತಿದ್ದೆವು. ಪ್ರತಿಯೊಂದರ ಎರಡು ಮಗ್ಗುಲೂ ಜೆರಾಕ್ಸ್ ಮಾಡಿ, ಬೆನ್ನಿಗೆ ಬ್ಯಾಂಕಿನ ಮೊಹರು ಒತ್ತಿ, ಮೊತ್ತಗಳ ಪಟ್ಟಿ ಟೈಪ್ ಮಾಡಿ, ಪಟ್ಟಿಯ ಒಟ್ಟು ಕೂಡಿ ತಾಳೆ ನೋಡಿ, ದಪ್ಪ ಲಕೋಟೆಯಲ್ಲಿಟ್ಟು ನ್ಯೂಯಾರ್ಕಿನ ಬ್ಯಾಂಕಿಗೆ ಕೊರಿಯರಿನಲ್ಲಿ ಕಳಿಸುವುದು. ಅಲ್ಲಿ ನಮ್ಮ ಬ್ಯಾಂಕಿನ ಡಾಲರ್ ಖಾತೆ ಇರುತ್ತಿತ್ತು. ಇದಕ್ಕೆ ನಾಸ್ಟ್ರೊ ಖಾತೆ ಎನ್ನುತ್ತಾರೆ. ಆ ಬ್ಯಾಂಕು ಚೆಕ್ಕುಗಳನ್ನು ಅಲ್ಲಿನ ಕ್ಲಿಯರಿಂಗಿಗೆ ಹಾಕಿ, ಹಣವನ್ನು ಆ ಖಾತೆಗೆ ಜಮಾ ಮಾಡಿ, ನಮಗೆ ಸಂದೇಶ ಕಳಿಸಿದ ಮೇಲೆ ನಾವು ಬ್ಯಾಂಕು ಡಾಲರ್ ಕೊಳ್ಳುವ ಆ ದಿನದ ದರದಲ್ಲಿ ರೂಪಾಯಿ ಲೆಕ್ಕ ಮಾಡಿ ಗ್ರಾಹಕರ ಖಾತೆಗೆ ಹಾಕುತ್ತಿದ್ದೆವು. ನಿಮ್ಮ ಕೈಗೆ ಚೆಕ್ಕು ಬಂದ ದಿನದ ಡಾಲರ್ ದರ ನಿಮಗೆ ಸಿಗುವುದಿಲ್ಲ ಎಂಬುದು ಇದರಿಂದಲೇ ಸ್ಪಷ್ಟ.

ಇದರಲ್ಲಿ ಎರಡು ಬಗೆ. ಈ ವ್ಯತ್ಯಾಸ ತಿಳಿಯದೆ ಪೆಟ್ಟು ತಿಂದವರು ಬಹಳ. ಒಂದು, ಕ್ಯಾಶ್ ಲೆಟರ್. ಚೆಕ್ಕು ಅಲ್ಲಿಗೆ ಮುಟ್ಟಿದ ಕೂಡಲೇ ನ್ಯೂಯಾರ್ಕಿನ ಬ್ಯಾಂಕು ತಾತ್ಕಾಲಿಕವಾಗಿ ಜಮಾ ಕೊಡುತ್ತದೆ, ಇಲ್ಲಿನ ಬ್ಯಾಂಕು ಕೆಲವು ವಾರ ಕಾದು ನಿಮಗೆ ಕೊಡುತ್ತದೆ. ಇನ್ನೊಂದು, ನೇರ ಕಲೆಕ್ಷನ್. ಚೆಕ್ಕು ಬರೆದವರ ಬ್ಯಾಂಕಿಗೇ ಕಳಿಸಿ, ಅವರು ಹಣ ಬಿಟ್ಟ ಮೇಲಷ್ಟೇ ಜಮಾ. ಮೊದಲನೆಯದು ಬೇಗ, ಅಗ್ಗ. ಎರಡನೆಯದು ನಿಧಾನ, ದುಬಾರಿ, ಆದರೆ ಹೆಚ್ಚು ಗಟ್ಟಿ. ಕ್ಯಾಶ್ ಲೆಟರ್‌ನಲ್ಲಿ ಖಾತೆಗೆ ಹಣ ಬಂದು ಕೂತಿದ್ದರೂ ಅದು ಪೂರ್ತಿ ನಿಮ್ಮದಾಗಿರುವುದಿಲ್ಲ. ಚೆಕ್ಕು ಆಮೇಲೆ ವಾಪಸಾದರೆ ಬ್ಯಾಂಕು ಹಣ ಹಿಂತೆಗೆದುಕೊಳ್ಳುತ್ತದೆ. ಸ್ವತಃ ಅಮೆರಿಕದ ಖಜಾನೆಯ ಚೆಕ್ಕೇ ಆಗಿದ್ದರೂ, ಬೆನ್ನ ಮೇಲಿನ ಸಹಿ ನಕಲಿ ಎಂದು ಗೊತ್ತಾದರೆ ಪಾವತಿಯಾದ ಹಣವನ್ನು ಅವರು ಮರಳಿ ಕೇಳಬಹುದು.

ಇಲ್ಲಿ ಇನ್ನೊಂದು ನೋವಿನ ಲೆಕ್ಕವಿದೆ. ಜಮಾ ಕೊಡುವಾಗ ಬ್ಯಾಂಕು ಡಾಲರನ್ನು ನಿಮ್ಮಿಂದ ಕೊಳ್ಳುತ್ತದೆ, ಆದ್ದರಿಂದ ಕೊಳ್ಳುವ ದರ. ಚೆಕ್ಕು ವಾಪಸಾದಾಗ ಅಷ್ಟೇ ಡಾಲರನ್ನು ನಿಮಗೆ ಮಾರಿದ ಲೆಕ್ಕ, ಆದ್ದರಿಂದ ಮಾರುವ ದರ. ಮಾರುವ ದರ ಯಾವಾಗಲೂ ಹೆಚ್ಚು. ನಡುವೆ ರೂಪಾಯಿ ಕುಸಿದಿದ್ದರೆ ಇನ್ನೂ ಹೆಚ್ಚು. ಮೇಲೆ ಎರಡೂ ಕಡೆಯ ಶುಲ್ಕ. ತುಮಕೂರಿನ ಕಡೆಯ ಒಬ್ಬ ಹಿರಿಯರು ಪಾಸ್‌ಬುಕ್ ಹಿಡಿದು ನನ್ನೆದುರು ಕೂತು, "ಮೇಡಂ, ನಾನು ಆ ದುಡ್ಡು ಮುಟ್ಟಲೇ ಇಲ್ಲ. ಕೊಟ್ಟದ್ದಕ್ಕಿಂತ ಜಾಸ್ತಿ ಹೆಂಗೆ ಕಡೀತೀರಿ?" ಎಂದು ಕೇಳಿದ್ದು ಮರೆತಿಲ್ಲ. ನಿಯಮದ ಪ್ರಕಾರ ಬ್ಯಾಂಕಿನ ಲೆಕ್ಕ ಸರಿಯಿತ್ತು. ಆದರೆ ಚೆಕ್ಕು ತೆಗೆದುಕೊಂಡ ದಿನವೇ ಈ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ತಪ್ಪು ಅಲ್ಲಿತ್ತು.

ಈಗ ಪರಿಸ್ಥಿತಿ ಇನ್ನಷ್ಟು ಬಿಗಿಯಾಗಿದೆ. ಹಣ ಅಕ್ರಮವಾಗಿ ಸಾಗುವುದನ್ನು ತಡೆಯುವ ಕಾನೂನುಗಳು ಬಲವಾದಂತೆ, ಕೈಬರಹದ ಒಂದು ಚೆಕ್ಕಿನ ಹಿಂದುಮುಂದು ವಿಚಾರಿಸುವ ಖರ್ಚು ಅದರಿಂದ ಬರುವ ಕಮಿಷನ್ನಿಗಿಂತ ಹೆಚ್ಚಾಯಿತು. ಹೊರದೇಶದ ದೊಡ್ಡ ಬ್ಯಾಂಕುಗಳು ಈ ಸೇವೆಯಿಂದ ಒಂದೊಂದಾಗಿ ಕೈ ತೊಳೆದುಕೊಂಡವು, ಇಲ್ಲಿನ ಹಲವು ಬ್ಯಾಂಕುಗಳೂ ನಿಲ್ಲಿಸಿದವು. ಇನ್ನೂ ತೆಗೆದುಕೊಳ್ಳುವ ಕಡೆಯೂ ಎಲ್ಲ ಶಾಖೆಗಳಲ್ಲಿ ಆ ಕೆಲಸ ಬಲ್ಲವರಿಲ್ಲ. ಶಾಖೆಯಲ್ಲಿ "ಆಗಲ್ಲ" ಎಂದರೆ ಅದೇ ಬ್ಯಾಂಕಿನ ವಿದೇಶಿ ವಿನಿಮಯ ವಹಿವಾಟಿಗೆ ಗೊತ್ತುಪಡಿಸಿದ ಶಾಖೆಯನ್ನು ಒಮ್ಮೆ ವಿಚಾರಿಸಿ. ನಿಮ್ಮ ಖಾತೆ ಅದೇ ಬ್ಯಾಂಕಿನಲ್ಲಿದ್ದರೆ ಅವರಿಗೆ ನಿಮ್ಮ ಗುರುತು ಕೇಳುವ ತೊಂದರೆ ಕಡಿಮೆ.

ಭಾರತದ ಬ್ಯಾಂಕುಗಳೇ ಹೀಗೆ ಎಂದು ಬೇಸರಿಸುವವರು ಯುರೋಪಿಗೆ ಹೋಗಿ ನೋಡಬೇಕು. ನನ್ನ ಮಗಳು ಅಮೆರಿಕದಲ್ಲಿ ಓದಿ, ಕೆಲಸ ಮಾಡಿ ಈಗ ಸ್ಟುಟ್‌ಗಾರ್ಟಿನಲ್ಲಿದ್ದಾಳೆ. ಬಾಷ್ ಕಂಪನಿಯ ಕೇಂದ್ರ ಆ ಊರಿನ ಪಕ್ಕದಲ್ಲೇ ಇದೆ. ಆಡುಗೋಡಿಯ ಕಾರ್ಖಾನೆಯ ಕಾಲದಿಂದಲೂ ಬೆಂಗಳೂರಿಗೂ ಅಲ್ಲಿಗೂ ನಂಟು, ಹಾಗಾಗಿ ಕನ್ನಡ ಕಿವಿಗೆ ಬೀಳುವ ಊರು ಅದು. ಅವಳಿಗೆ ಅಮೆರಿಕದ ಚೆಕ್ಕೊಂದು ಬಂದಾಗ ನಾನೂ ಜೊತೆಗೆ ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನ ಎಳೆಯ ಹುಡುಗಿ ಚೆಕ್ಕನ್ನು ಎರಡು ಬೆರಳಿನಲ್ಲಿ ಹಿಡಿದು ಒಳಗೆ ಹೋಗಿ ಹಿರಿಯರನ್ನು ಕರೆತಂದಳು. ಅವರು ವಿವರಿಸಿದ ಎರಡು ದಾರಿಗಳು ನಮ್ಮವೇ: ಹಣ ಕೈಸೇರಿದರೆ ಮಾತ್ರ ನಿಲ್ಲುತ್ತದೆ ಎಂಬ ಷರತ್ತಿನ ಮೇಲೆ ಈಗಲೇ ಜಮಾ, ಇಲ್ಲವೇ ಹಣ ಕೈಸೇರಿದ ಮೇಲೆ ಜಮಾ. ಶುಲ್ಕದ ಕನಿಷ್ಠ ಮೊತ್ತ ಕೇಳಿದಾಗ ಮಗಳು ಚೆಕ್ಕನ್ನು ವಾಪಸ್ ತೆಗೆದುಕೊಂಡಳು. ಯುರೋಪಿನಲ್ಲಿ ಒಂದು ಕಾಲಕ್ಕೆ ಊರೂರಿನ ಅಂಗಡಿಗಳಲ್ಲಿ ನಡೆಯುತ್ತಿದ್ದ ಯೂರೊಚೆಕ್ ಗ್ಯಾರಂಟಿ 2001ರ ಕೊನೆಗೇ ಮುಗಿಯಿತು. ಡೆನ್ಮಾರ್ಕಿನ ಬ್ಯಾಂಕುಗಳು 2017ರ ಆರಂಭದಲ್ಲಿ ಚೆಕ್ಕು ಕೈಬಿಟ್ಟವು. ದಕ್ಷಿಣ ಆಫ್ರಿಕಾದಲ್ಲಿ 2020ರ ಡಿಸೆಂಬರ್ 31 ಕೊನೆಯ ದಿನವಾಯಿತು. ನ್ಯೂಜಿಲೆಂಡಿನ ದೊಡ್ಡ ಬ್ಯಾಂಕುಗಳು 2021ರ ಕೊನೆಯ ಹೊತ್ತಿಗೆ ನಿಲ್ಲಿಸಿದ್ದವು. ಆಸ್ಟ್ರೇಲಿಯಾ 2029ರ ಸೆಪ್ಟೆಂಬರ್ ಕೊನೆಗೆ ಮುಗಿಸಲಿದೆ. ತಮ್ಮ ದೇಶದ ಚೆಕ್ಕನ್ನೇ ಬಿಟ್ಟವರು ಹೊರಗಿನದನ್ನು ಹಿಡಿದು ಓಡಾಡುತ್ತಾರೆಂದು ನಿರೀಕ್ಷಿಸುವುದು ಕಷ್ಟ.

ಚೆಕ್ಕಿನ ಆಯಸ್ಸನ್ನೂ ಅದರ ತವರಿನ ನಿಯಮವೇ ನಿರ್ಧರಿಸುತ್ತದೆ. ನಮ್ಮಲ್ಲಿ 2012ರ ಏಪ್ರಿಲ್ 1ರಿಂದ 3 ತಿಂಗಳು. ಅಮೆರಿಕದಲ್ಲಿ 6 ತಿಂಗಳು ದಾಟಿದ ಸಾಮಾನ್ಯ ಚೆಕ್ಕನ್ನು ಪಾವತಿಸಲು ಬ್ಯಾಂಕು ಬದ್ಧವಲ್ಲ. ಅಲ್ಲಿನ ಖಜಾನೆಯ ಚೆಕ್ಕಿಗೆ 1 ವರ್ಷ, ಅದು ಚೆಕ್ಕಿನ ಮೇಲೆಯೇ ಅಚ್ಚಾಗಿರುತ್ತದೆ. ಜರ್ಮನಿಯಲ್ಲಿ ಪಾವತಿಯಾಗಬೇಕಾದ ಚೆಕ್ಕನ್ನು ಅಲ್ಲೇ ಬರೆದಿದ್ದರೆ 8 ದಿನದೊಳಗೆ ತೋರಿಸಬೇಕು, ಬೇರೆ ಖಂಡದಲ್ಲಿ ಬರೆದಿದ್ದರೆ 70 ದಿನ. 1931ರ ಜಿನೀವಾ ಒಪ್ಪಂದದಿಂದ ಬಂದ ನಿಯಮವಿದು. ಆಯಸ್ಸು ಮುಗಿಯಿತೆಂದು ಎದೆಗುಂದಬೇಡಿ. ಬರೆದವರನ್ನು ಕೇಳಿ ಹೊಸದು ಪಡೆಯಬಹುದು. ಅಮೆರಿಕದಲ್ಲಿ ಯಾರೂ ನಗದು ಮಾಡಿಕೊಳ್ಳದ ಚೆಕ್ಕುಗಳ ಹಣ ಕೆಲವು ವರ್ಷಗಳ ನಂತರ ಆಯಾ ರಾಜ್ಯ ಸರ್ಕಾರದ ವಶಕ್ಕೆ ಹೋಗುತ್ತದೆ, ಅರ್ಜಿ ಹಾಕಿ ಅಲ್ಲಿಂದಲೂ ಬಿಡಿಸಿಕೊಳ್ಳಬಹುದು.

ಆಯಸ್ಸಿನ ಮಾತಿಗೆ ಹೊಂದಿಕೊಂಡ ತೊಡಕು ತಾರೀಖು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. 04/07 ಎಂದರೆ ಅವರಿಗೆ ಏಪ್ರಿಲ್ 7, ನಮಗೆ ಜುಲೈ 4. ಮೇ ತಿಂಗಳಲ್ಲಿ ಅಂಥ ಚೆಕ್ಕು ತಂದರೆ, ಅಭ್ಯಾಸವಿಲ್ಲದ ಗುಮಾಸ್ತರು ಇದು ಮುಂದಿನ ತಾರೀಖಿನ ಚೆಕ್ಕು, ಜುಲೈನಲ್ಲಿ ಬನ್ನಿ ಎಂದು ಕಳಿಸಿಬಿಡುತ್ತಾರೆ. ಅವರಿಗೆ ಸಮಾಧಾನದಿಂದ ತೋರಿಸಿಕೊಡಿ.

ಇದಕ್ಕಿಂತ ದೊಡ್ಡದು ಹೆಸರಿನ ಪೀಕಲಾಟ. ಇದು ನಮ್ಮವರನ್ನು ಕಾಡುವಷ್ಟು ಬೇರೆಯವರನ್ನು ಕಾಡುವುದಿಲ್ಲ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ಲಾಗಿ ಮುಂದೆ, ತನ್ನ ಹೆಸರು ಹಿಂದೆ: ಕನ್ನಡಿಗರ ಬ್ಯಾಂಕ್ ಖಾತೆಗಳು ಸಾಮಾನ್ಯವಾಗಿ ಹೀಗಿರುತ್ತವೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯುತ್ತಾರೆ, ಅಮೆರಿಕದಲ್ಲಿ ಊರಿನ ಹೆಸರೇ ಸರ್‌ನೇಮ್ ಆಗಿಬಿಡುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ವೀಸಾದಲ್ಲಿ ಎಫ್‌ಎನ್‌ಯು ಎಂದು, ಮೊದಲ ಹೆಸರು ಗೊತ್ತಿಲ್ಲ ಎಂಬ ಅರ್ಥದ ಮೂರಕ್ಷರ ಸೇರುತ್ತದೆ. ಅದೇ ಸಂಬಳದ ಚೀಟಿಗೆ, ಅಲ್ಲಿಂದ ಚೆಕ್ಕಿಗೆ ಇಳಿಯುತ್ತದೆ. ಎಫ್‌ಎನ್‌ಯು ಮಂಜುನಾಥ ಎಂಬ ಚೆಕ್ಕು ಹಿಡಿದು ಬಂದವರು, ಖಾತೆಯ ಎಚ್. ಎನ್. ಮಂಜುನಾಥ ತಾವೇ ಎಂದು ಸಾಬೀತು ಮಾಡಬೇಕು. ಪಾಸ್‌ಪೋರ್ಟ್, ಹಳೆಯ ವೀಸಾ, ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಜೊತೆಗಿಟ್ಟುಕೊಂಡರೆ ಅಲೆದಾಟ ತಪ್ಪುತ್ತದೆ. ಗಂಡ ಹೆಂಡತಿ ಒಟ್ಟಿಗೆ ತೆರಿಗೆ ವಿವರ ಸಲ್ಲಿಸಿದ್ದರೆ ಮರುಪಾವತಿ ಚೆಕ್ಕಿನಲ್ಲಿ ಇಬ್ಬರ ಹೆಸರೂ ಇರುತ್ತದೆ. ಎರಡು ಹೆಸರಿನ ನಡುವೆ 'ಮತ್ತು' ಎಂಬ ಅರ್ಥದ ಪದವಿದ್ದರೆ ಇಬ್ಬರೂ ಸಹಿ ಮಾಡಬೇಕು, 'ಅಥವಾ' ಇದ್ದರೆ ಒಬ್ಬರು ಸಾಕು. ಇಲ್ಲಿ ಒಬ್ಬರ ಹೆಸರಿನ ಖಾತೆಗೆ ಇಬ್ಬರ ಚೆಕ್ಕನ್ನು ಬ್ಯಾಂಕು ಒಪ್ಪುವುದಿಲ್ಲ, ಜಂಟಿ ಖಾತೆ ಬೇಕು. ಗಂಡನೊಬ್ಬನ ಹೆಸರಿನಲ್ಲಷ್ಟೇ ಖಾತೆ ಇರುವ ಮನೆಗಳು ನಮ್ಮಲ್ಲಿ ಇನ್ನೂ ಎಷ್ಟೋ ಇವೆ. ಹೆಂಡತಿಯ ಹೆಸರೂ ಸೇರಿರಲಿ ಎಂಬ ನನ್ನ ಹಳೆಯ ಒತ್ತಾಯಕ್ಕೆ ಇದೂ ಒಂದು ಕಾರಣ.

ಚೆಕ್ಕಿನ ಬೆನ್ನಿನ ಬಗ್ಗೆ ಎಚ್ಚರ ಬೇಕು. ನಮ್ಮಲ್ಲಿ ಎಡಮೂಲೆಗೆ ಎರಡು ಗೆರೆ ಎಳೆದು ಅಕೌಂಟ್ ಪೇಯೀ ಎಂದು ಬರೆದರೆ ಚೆಕ್ಕು ಭದ್ರ, ಹಣ ಹೆಸರಿದ್ದವರ ಖಾತೆಗೇ ಹೋಗಬೇಕು. ಅಮೆರಿಕದಲ್ಲಿ ಆ ಗೆರೆಯ ಪದ್ಧತಿ ಇಲ್ಲ. ಅಲ್ಲಿ ಹಣ ಪಡೆಯುವವರು ಬೆನ್ನ ಮೇಲೆ ಸಹಿ ಹಾಕಬೇಕು. ಬರೀ ಸಹಿ ಹಾಕಿದ ಕ್ಷಣದಿಂದ ಆ ಚೆಕ್ಕು ಯಾರ ಕೈಯಲ್ಲಿದೆಯೋ ಅವರದು. ಬೆನ್ನಿಗೆ ಸಹಿ ಹಾಕಿ ಅಂಚೆಯಲ್ಲಿ ಕಳಿಸುವುದು ನಗದು ಕಳಿಸಿದಂತೆಯೇ. ಸಹಿಯ ಮೇಲೆ 'ಫಾರ್ ಡೆಪಾಸಿಟ್ ಓನ್ಲಿ' ಎಂದು ಬರೆದು ಖಾತೆ ಸಂಖ್ಯೆಯನ್ನೂ ಹಾಕಿ. ಬೆನ್ನ ಮೇಲೆ ಅಚ್ಚಾಗಿರುವ ಗೆರೆಯಿಂದ ಕೆಳಗೆ ಏನೂ ಬರೆಯಬೇಡಿ, ಆ ಜಾಗ ಬ್ಯಾಂಕುಗಳ ಮೊಹರಿಗೆ. ಯಾವ ಬ್ಯಾಂಕಿಗೆ ಕೊಡುವುದೆಂದು ನಿಶ್ಚಯವಾಗುವ ತನಕ ಸಹಿಯನ್ನೇ ಹಾಕದಿರುವುದು ಇನ್ನೂ ಒಳ್ಳೆಯದು.

ಹಾಗಾದರೆ ಕೈಯಲ್ಲಿರುವ ಚೆಕ್ಕಿಗೆ ಏನು ಮಾಡುವುದು? ನನ್ನ ಮೊದಲ ಸಲಹೆ, ಬ್ಯಾಂಕಿಗೆ ಹೋಗುವ ಮುನ್ನ ಚೆಕ್ಕು ಕಳಿಸಿದವರಿಗೆ ಬರೆಯಿರಿ. ಇದನ್ನು ರದ್ದು ಮಾಡಿ ನೇರವಾಗಿ ಖಾತೆಗೆ ವರ್ಗಾಯಿಸಿ ಎಂದು ಕೇಳಿ. ಕೇಳಲು ಸಂಕೋಚಪಟ್ಟೇ ಎಷ್ಟೋ ಜನ ತಿಂಗಳುಗಟ್ಟಲೆ ಅಲೆಯುತ್ತಾರೆ. ಕಳಿಸಿದವರು ಒಪ್ಪದಿದ್ದರೆ ಎರಡನೆಯ ದಾರಿ, ಚೆಕ್ಕನ್ನು ಅದರ ತವರಿನಲ್ಲೇ ಜಮಾ ಮಾಡುವುದು. ಅಮೆರಿಕದಲ್ಲಿ ನಿಮ್ಮ ಖಾತೆ ಇನ್ನೂ ಜೀವಂತವಾಗಿದ್ದರೆ ಅಲ್ಲಿನ ಹೆಚ್ಚಿನ ಬ್ಯಾಂಕುಗಳ ಆ್ಯಪ್‌ನಲ್ಲಿ ಚೆಕ್ಕಿನ ಎರಡೂ ಮಗ್ಗುಲಿನ ಫೋಟೊ ತೆಗೆದು ಜಮಾ ಮಾಡಬಹುದು. ಹೊರದೇಶದಲ್ಲಿದ್ದಾಗ ಈ ಸೌಲಭ್ಯ ನಡೆಯಲು ಕೆಲವು ಬ್ಯಾಂಕುಗಳು ಬಿಡುವುದಿಲ್ಲ. ಆಗ ಚೆಕ್ಕನ್ನು ಅಂಚೆಯಲ್ಲಿ ಆ ಬ್ಯಾಂಕಿಗೇ ಕಳಿಸಬಹುದು, ಇಲ್ಲವೇ ಅಲ್ಲಿರುವ ನಂಬಿಕಸ್ಥ ನೆಂಟರಿಗೆ ಕಳಿಸಿ ನಿಮ್ಮ ಖಾತೆಗೆ ಹಾಕಿಸಬಹುದು. ಖಾತೆಗೆ ಬಂದ ಡಾಲರನ್ನು ಇಲ್ಲಿಗೆ ವರ್ಗಾಯಿಸುವುದು ಈಗ ಸಲೀಸು.

ಅದಕ್ಕೇ ಹೇಳುತ್ತೇನೆ, ಒಂದು ದೇಶ ಬಿಡುವಾಗ ಅಲ್ಲಿನ ಖಾತೆಯನ್ನು ಅವಸರದಲ್ಲಿ ಮುಚ್ಚಬೇಡಿ. ಚೆಕ್ಕುಗಳು ಬರುವುದೇ ನೀವು ಹೊರಟ ಮೇಲೆ. ಮನೆಯ ಅಡ್ವಾನ್ಸನ್ನು ಹಿಂದಿರುಗಿಸಲು ಕ್ಯಾಲಿಫೋರ್ನಿಯಾದ ಕಾನೂನು ಮಾಲೀಕರಿಗೆ 21 ದಿನ ಕೊಡುತ್ತದೆ, ಅಷ್ಟರಲ್ಲಿ ನೀವು ಜಯನಗರದಲ್ಲಿರುತ್ತೀರಿ. ಕಾರಿನ ವಿಮೆಯ ಉಳಿಕೆ, ವಿದ್ಯುತ್ ಕಂಪನಿಯ ಠೇವಣಿ, ಆ ವರ್ಷದ ತೆರಿಗೆಯ ಮರುಪಾವತಿ ಸಾಲಾಗಿ ಬರುತ್ತವೆ. ನಿವೃತ್ತಿ ನಿಧಿಯಾದ 401(ಕೆ)ಯಲ್ಲಿ 1,000 ಡಾಲರ್ ಅಥವಾ ಅದಕ್ಕಿಂತ ಕಡಿಮೆ ಉಳಿದಿದ್ದರೆ ಹಳೆಯ ಕಂಪನಿ ನಿಮ್ಮನ್ನು ಕೇಳದೆಯೇ ಚೆಕ್ಕು ಬರೆದು ಕಳಿಸಿಬಿಡಬಹುದು. ಆ ಹಣವನ್ನು ತೆರಿಗೆಯ ಹೊರೆಯಿಲ್ಲದೆ ಇನ್ನೊಂದು ನಿವೃತ್ತಿ ಖಾತೆಗೆ ಸೇರಿಸಲು ಇರುವುದು 60 ದಿನ. ಇಲ್ಲಿನ ಕಲೆಕ್ಷನ್ ದಾರಿ ಹಿಡಿದರೆ ಆ ಗಡುವು ಕೈತಪ್ಪುವ ಅಪಾಯವಿದೆ.

ಭಾರತಕ್ಕೆ ಮರಳಿದ ಮೇಲೆ ಹೊರದೇಶದ ಖಾತೆ ಇಟ್ಟುಕೊಳ್ಳುವುದು ಅಪರಾಧ ಎಂಬ ಹೆದರಿಕೆ ಬಹಳ ಜನರಲ್ಲಿದೆ. ಹಾಗೇನಿಲ್ಲ. ಅಲ್ಲಿ ವಾಸವಿದ್ದಾಗ ಗಳಿಸಿದ್ದನ್ನು ಅಲ್ಲೇ ಇಟ್ಟುಕೊಳ್ಳಲು 1999ರ ಫೆಮಾ ಕಾಯ್ದೆಯ 6(4)ನೇ ಕಲಂ ಅವಕಾಶ ಕೊಡುತ್ತದೆ. ಇಲ್ಲಿನ ಸಾಮಾನ್ಯ ನಿವಾಸಿಯಾದ ಮೇಲೆ ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಶೆಡ್ಯೂಲ್ ಎಫ್‌ಎ ತುಂಬಿ ಆ ಖಾತೆಯನ್ನು ತಪ್ಪದೆ ತೋರಿಸಬೇಕು. ಇದನ್ನು ಬಿಟ್ಟರೆ ದಂಡ ದೊಡ್ಡದು. ಡಾಲರನ್ನು ಡಾಲರಾಗಿಯೇ ಇಲ್ಲಿ ಇಡಬೇಕೆಂದರೆ ಮರಳಿ ಬಂದವರಿಗಾಗಿ ಆರ್‌ಎಫ್‌ಸಿ ಖಾತೆಯೂ ಇದೆ. ಖಾತೆ ಉಳಿಸಿಕೊಂಡವರು ಆ ದೇಶದ ಫೋನ್ ನಂಬರನ್ನೂ ಉಳಿಸಿಕೊಳ್ಳಿ. ಒಟಿಪಿ ಬರುವುದು ಅದಕ್ಕೇ. ನಂಬರ್ ಹೋದರೆ ಖಾತೆ ಇದ್ದೂ ಇಲ್ಲದಂತೆ.

ಅಮೆರಿಕ ಸರ್ಕಾರವೇ ಕಾಗದದ ಚೆಕ್ಕಿನಿಂದ ಹಿಂದೆ ಸರಿಯುತ್ತಿರುವುದರಿಂದ ಅಲ್ಲಿನ ಖಾತೆ ಉಳಿಸಿಕೊಳ್ಳಿ ಎಂಬ ಮಾತಿಗೆ ಈಗ ತೂಕ ಹೆಚ್ಚು. 2025ರ ಮಾರ್ಚಿನಲ್ಲಿ ಹೊರಟ ಅಧ್ಯಕ್ಷರ ಆದೇಶದಂತೆ ಅಲ್ಲಿನ ಖಜಾನೆ ಅದೇ ಸೆಪ್ಟೆಂಬರ್ 30ರಿಂದ ಕಾಗದದ ಪಾವತಿಗಳನ್ನು ಕೈಬಿಡತೊಡಗಿದೆ, ತೆರಿಗೆ ಮರುಪಾವತಿಯೂ ಅದರಲ್ಲಿ ಸೇರಿದೆ. ತೆರಿಗೆ ಇಲಾಖೆ ನೇರ ಜಮಾ ಮಾಡುವುದು ಅಮೆರಿಕದ ಬ್ಯಾಂಕ್ ಖಾತೆಗೆ. ಮರುಪಾವತಿ ಬಾಕಿ ಇರುವವರಿಗೆ ಅಲ್ಲೊಂದು ಖಾತೆ ಇರುವುದು ಇನ್ನು ಅನುಕೂಲವಷ್ಟೇ ಅಲ್ಲ, ಹೆಚ್ಚುಕಡಿಮೆ ಅನಿವಾರ್ಯ.

ನ್ಯೂಜೆರ್ಸಿಯ ತಂಗಿಯ ರೂಪಾಯಿ ಚೆಕ್ಕಿಗೆ ಉತ್ತರ ಚಿಕ್ಕದು. ಅದನ್ನು ಅಮೆರಿಕಕ್ಕೆ ಕಳಿಸಲೇಬಾರದಿತ್ತು. ಅನಿವಾಸಿಯ ಇಲ್ಲಿನ ಆದಾಯ ಸೇರಬೇಕಾದ್ದು ಅವರ ಎನ್‌ಆರ್‌ಒ ಖಾತೆಗೆ. ಚೆಕ್ಕನ್ನು ಇಲ್ಲೇ, ಹಾಸನದಲ್ಲೇ, ಅಣ್ಣನೇ ಚಲನ್ ತುಂಬಿ ಹಾಕಬಹುದು, ತಂಗಿ ಬರಬೇಕಾಗಿಲ್ಲ. ತೆರಿಗೆ ಕಟ್ಟಿದ ಮೇಲೆ ಆ ಖಾತೆಯಿಂದ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ಡಾಲರ್‌ವರೆಗೆ ಹೊರಕ್ಕೆ ಕಳಿಸಲು ಅವಕಾಶವಿದೆ. ಹೊರದೇಶಕ್ಕೆ ಹೋದ ಮೇಲೂ ಹಳೆಯ ಉಳಿತಾಯ ಖಾತೆಯನ್ನೇ ನಡೆಸುತ್ತಿರುವವರು ಅದನ್ನು ಎನ್‌ಆರ್‌ಒಗೆ ಬದಲಿಸಿಕೊಳ್ಳಿ, ನಿಯಮ ಅದನ್ನು ಕೇಳುತ್ತದೆ.

ಇಷ್ಟೆಲ್ಲ ಹೇಳಿ ಮೋಸದ ಮಾತು ಬಿಟ್ಟರೆ ನನಗೆ ನೆಮ್ಮದಿ ಇರದು. ಹೋಂಸ್ಟೇ ನಡೆಸುವವರಿಗೆ, ಮನೆ ಬಾಡಿಗೆಗೆ ಕೊಡುವವರಿಗೆ, ಹಳೆಯ ವಸ್ತು ಮಾರುವವರಿಗೆ ಹೊರದೇಶದಿಂದ ಒಂದು ಚೆಕ್ಕು ಬರುತ್ತದೆ. ಒಪ್ಪಿದ ಮೊತ್ತಕ್ಕಿಂತ ಹೆಚ್ಚು ಬರೆದಿರುತ್ತಾರೆ. ಹೆಚ್ಚಾದದ್ದನ್ನು ನಮ್ಮ ಏಜೆಂಟರಿಗೆ ಕಳಿಸಿಬಿಡಿ ಎಂದು ವಿನಯದ ಸಂದೇಶ ಬರುತ್ತದೆ. ಖಾತೆಯಲ್ಲಿ ತಾತ್ಕಾಲಿಕ ಜಮಾ ಕಾಣುತ್ತದೆ, ನೀವು ಹಣ ಕಳಿಸುತ್ತೀರಿ. ವಾರಗಳ ನಂತರ ಚೆಕ್ಕು ನಕಲಿ ಎಂದು ವಾಪಸ್ ಬರುತ್ತದೆ. ಅಷ್ಟೂ ಹಣ ನಿಮ್ಮ ಖಾತೆಯಿಂದ ಹೋಗುತ್ತದೆ, ಏಜೆಂಟರಿಗೆ ಕೊಟ್ಟದ್ದು ಎಂದೂ ಬರುವುದಿಲ್ಲ. ಅಲ್ಲಿನ ಬ್ಯಾಂಕೇ ಬರೆದುಕೊಡುವ ಕ್ಯಾಶಿಯರ್ಸ್ ಚೆಕ್ಕಿನ ನಕಲನ್ನೂ ಮಾಡುತ್ತಾರೆ. ಹೆಚ್ಚು ಹಣದ ಚೆಕ್ಕು ಕಳಿಸಿ ಉಳಿಕೆ ವಾಪಸ್ ಕೇಳುವವರು ವಂಚಕರು. ಇದರಲ್ಲಿ ಅನುಮಾನವೇ ಬೇಡ.

ಬ್ಯಾಂಕುಗಳಿಗೂ ಒಂದು ಮಾತು. ಚೆಕ್ ವಸೂಲಿಯ ಬಗ್ಗೆ ಪ್ರತಿ ಬ್ಯಾಂಕೂ ತನ್ನ ನೀತಿಯನ್ನು ಪ್ರಕಟಿಸಬೇಕೆಂದು ರಿಸರ್ವ್ ಬ್ಯಾಂಕು ಹೇಳಿದೆ. ಅದು ವೆಬ್‌ಸೈಟಿನ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಬಿದ್ದಿದ್ದರೆ ಸಾಲದು. ವಿದೇಶಿ ಚೆಕ್ಕು ಕೊಟ್ಟ ಗ್ರಾಹಕರಿಗೆ ಎಷ್ಟು ದಿನ, ಎಷ್ಟು ಶುಲ್ಕ, ವಾಪಸಾದರೆ ಏನಾಗುತ್ತದೆ ಎಂಬುದನ್ನು ಕನ್ನಡದ ಅರ್ಧ ಪುಟದಲ್ಲಿ ಅಚ್ಚು ಹಾಕಿಸಿ ಕೈಗೆ ಕೊಡಿ. ಸೇವೆ ನಿಲ್ಲಿಸಿದ್ದರೆ ಅದನ್ನೂ ಬೋರ್ಡಿನಲ್ಲಿ ಬರೆಯಿರಿ. ವಯಸ್ಸಾದವರು ಒಂದು ಶಾಖೆಯಿಂದ ಇನ್ನೊಂದಕ್ಕೆ ಬಿಸಿಲಿನಲ್ಲಿ ಅಲೆಯುವುದು ತಪ್ಪುತ್ತದೆ.

ಆ ಅರ್ಧ ಪುಟ ಬರುವವರೆಗೆ ಓದುಗರು ತಾವೇ ಕೇಳಬೇಕು. ಚೆಕ್ಕು ಕೊಡುವಾಗ ಕ್ಯಾಶ್ ಲೆಟರೋ ಕಲೆಕ್ಷನ್ನೋ ಎಂದು ಕೇಳಿ. ಎರಡೂ ಕಡೆಯ ಶುಲ್ಕ ಸೇರಿ ಎಷ್ಟಾಗುತ್ತದೆ, ವಾಪಸಾದರೆ ದರದ ವ್ಯತ್ಯಾಸ ಯಾರ ತಲೆಗೆ ಎಂದು ಕೇಳಿ. ಉತ್ತರವನ್ನು ರಸೀದಿಯ ಮೇಲೆ ಬರೆಸಿಕೊಂಡು, ಚೆಕ್ಕಿನ ಎರಡೂ ಮಗ್ಗುಲಿನ ಜೆರಾಕ್ಸ್ ಮನೆಯಲ್ಲಿಡಿ. ಶುಲ್ಕ ಚೆಕ್ಕಿನ ಮೊತ್ತದ ಹತ್ತಿರ ಬಂದರೆ ಅದನ್ನು ಅಲ್ಲಿ ಕೊಡದೆ, ಕಳಿಸಿದವರಿಗೇ ಹಿಂತಿರುಗಿಸಿ ಖಾತೆಗೆ ವರ್ಗಾಯಿಸಲು ಹೇಳಿ.